ಮಾತ್ರೆ ನುಂಗಿಸಿ ಹತ್ತು ನಿಮಿಷ ಕೂರುವ ಕದರಮ್ಮ

ನನ್ನ ಯಜಮಾನರ ತಿಥಿ ಮುಗಿದು ನೆಂಟರೆಲ್ಲ ಅವರವರ ಊರು ಸೇರಿದ ಮೇಲಿನ ಮೊದಲ ಸೋಮವಾರ. ಬೆಳಗಿನ ಐದೂವರೆ. ತುಮಕೂರಿನ ನಮ್ಮ ಬೀದಿಯ ನಲ್ಲಿಯ ಮುಂದೆ ಬಿಂದಿಗೆಗಳು ಸಾಲಾಗಿ ನಿಂತಿವೆ. ಬಾಗಿಲು ತಟ್ಟುವ ಶಬ್ದ ಕೇಳಿಸುತ್ತದೆ. ಎರಡು ಸಲ, ಸ್ವಲ್ಪ ಬಿಟ್ಟು ಇನ್ನೊಂದು ಸಲ. ಹನ್ನೊಂದು ತಿಂಗಳಿಂದ ಸೋಮವಾರ, ಬುಧವಾರ, ಶುಕ್ರವಾರ ಹೀಗೆ ತಟ್ಟುವವರು ಒಬ್ಬರೇ.

ಹೊರಗೆ ಕದರಮ್ಮ ನಿಂತಿದ್ದಾರೆ. ಹೆಗಲಿಗೆ ಬಟ್ಟೆಯ ಚೀಲ, ಹಣೆಯ ಮೇಲೆ ನಡೆದು ಬಂದ ಬೆವರು. "ಕಾಲು ತಾನಾಗೇ ಈ ಕಡೆ ತಿರುಗ್ತು ಅಮ್ಮಾವ್ರೇ. ಬೀದಿ ಕೊನೇಗೆ ಬಂದ್ಮೇಲೆ ಗ್ಯಾಪಕ ಆಯ್ತು, ಮೇಷ್ಟ್ರಿಲ್ಲ ಅಂತ. ಹಂಗೇ ವಾಪಸ್ ಹೋಗೋಕೆ ಮನಸ್ಸು ಬರ್ಲಿಲ್ಲ," ಎನ್ನುತ್ತಾರೆ. ಎಂದಿನಂತೆ ಮೆಟ್ಟಿಲ ಮೇಲೆ ಹತ್ತು ನಿಮಿಷ ಕೂರುತ್ತಾರೆ. ಆಮೇಲೆ ಎದ್ದು ಗುಬ್ಬಿ ಬಸ್ಸಿಗೆ ಹೊರಡುತ್ತಾರೆ. ಆ ದಿನ ನಾನೂ ಅವರ ಜೊತೆ ಹೊರಟೆ. ಈ ಬರಹ ಅಲ್ಲಿಂದ ಶುರುವಾದದ್ದು.

ಕದರಮ್ಮನಿಗೆ ನಲವತ್ತನಾಲ್ಕು ವರ್ಷ. ಊರ್ಡಿಗೆರೆಯವರು. ತುಮಕೂರಿನ ಹನ್ನೆರಡು ಹಾಸಿಗೆಯ ಒಂದು ನರ್ಸಿಂಗ್ ಹೋಮಿನಲ್ಲಿ ಇಪ್ಪತ್ತೈದು ವರ್ಷದಿಂದ ಆಯಾ. ಆಸ್ಪತ್ರೆಯ ಹೆಸರು ಹಾಕಬೇಡಿ ಎಂದು ಅಲ್ಲಿನ ಡಾಕ್ಟರು ಕೇಳಿಕೊಂಡಿದ್ದಾರೆ. ಅಲ್ಲಿ ಹೆರಿಗೆ, ಜ್ವರ, ಕೈಕಾಲು ಮುರಿತಗಳ ನಡುವೆ, 1985ರಿಂದ ಹಿಂಭಾಗದ ಎರಡು ಕೋಣೆಗಳಲ್ಲಿ ಅಫೀಮು ಮತ್ತು ಪೆಥಿಡಿನ್ ಎಂಬ ನೋವಿನ ಇಂಜೆಕ್ಷನ್ನಿಗೆ ದಾಸರಾದವರ ಚಿಕಿತ್ಸೆ ನಡೆಯುತ್ತಿದೆ. ಅಲ್ಲಿಂದೀಚಿನ ಈ ಮೂರು ವರ್ಷದಲ್ಲಿ ನಲವತ್ತೊಂದು ಜನ ಅಲ್ಲಿ ಮಲಗಿ ಎದ್ದಿದ್ದಾರೆ.

ಹಳೆಯ ಕ್ರಮದಲ್ಲಿ ಅಮಲಿನ ಅಳತೆಯನ್ನು ದಿನದಿನಕ್ಕೆ ಕಡಿಮೆ ಮಾಡುತ್ತ ಮೂರು ವಾರ ಎಳೆಯಬೇಕಿತ್ತು. ಅರ್ಧ ಜನ ನಡುವೆಯೇ ಓಡಿಹೋಗುತ್ತಿದ್ದರು. ಈ ಡಾಕ್ಟರು ಹೊರದೇಶದಲ್ಲಿ ಕಲಿತು ಬಂದ ಕ್ರಮದಲ್ಲಿ ಐದೇ ದಿನ. ಒಂದು ಔಷಧ ಮೈಯ ತಳಮಳವನ್ನು ತಗ್ಗಿಸುತ್ತದೆ. ಇನ್ನೊಂದು, ಮೈಯಲ್ಲಿ ಬೇರೂರಿದ ಅಫೀಮನ್ನು ಅದರ ಜಾಗದಿಂದ ಎಬ್ಬಿಸುತ್ತದೆ. ಐದು ದಿನವಾದ ಮೇಲೆ ಈ ಎರಡನೆಯದನ್ನೇ ಮಾತ್ರೆಯ ರೂಪದಲ್ಲಿ ವಾರಕ್ಕೆ ಮೂರು ಸಲ, ಒಂದು ವರ್ಷ ನುಂಗಬೇಕು. ಮಾತ್ರೆ ಒಳಗಿರುವಷ್ಟು ಹೊತ್ತು ಅಫೀಮು ತಿಂದರೂ ಅಮಲು ಹತ್ತುವುದಿಲ್ಲ.

ಇದನ್ನು ಕದರಮ್ಮ ಮನೆಯವರಿಗೆ ತಿಳಿಸುವ ಬಗೆಯೇ ಬೇರೆ. "ಬಸ್ ಸೀಟಿಗೆ ಕಿಟಕಿಯಿಂದ ಟವೆಲ್ ಹಾಕ್ತಾರಲ್ಲ, ಹಂಗೆ ಕಣ್ರಮ್ಮ ಈ ಮಾತ್ರೆ. ಮೊದ್ಲೇ ಹೋಗಿ ಸೀಟ್ ಹಿಡ್ಕೊಂಬುಡ್ತದೆ. ಆಮೇಲೆ ಅಫೀಮು ಬಂತು ಅನ್ನಿ, ನಿಂತ್ಕೊಂಡೇ ಹೋಗ್ಬೇಕು. ಎರಡು ದಿನಕ್ಕೆ ಟವೆಲ್ ಜಾರ್ತದೆ. ಅಷ್ಟ್ರೊಳಗೆ ನಾನು ಇನ್ನೊಂದು ಹಾಕ್ಬೇಕು."

ಮೊದಲ ಐದು ದಿನವನ್ನು ಅವರು 'ನಡುಕದ ದಿನ' ಎನ್ನುತ್ತಾರೆ. ಮೊದಲು ಆಕಳಿಕೆ, ಆಮೇಲೆ ಮೂಗು, ಕಣ್ಣಲ್ಲಿ ನೀರು. ಮೈಮೇಲಿನ ಕೂದಲೆಲ್ಲ ನಿಮಿರುತ್ತದೆ. ಕಾಲುಗಳು ತಾವಾಗಿಯೇ ಒದೆಯುತ್ತವೆ. ವಾಂತಿ, ಭೇದಿ. ಮೂರನೆಯ ದಿನ ಎಂಥವರೂ ಬೈಯುತ್ತಾರೆ. ಕದರಮ್ಮನ ಎಡ ಮುಂಗೈಯಲ್ಲಿ ಒಬ್ಬರು ಕಚ್ಚಿದ ಗುರುತಿದೆ. ಕಚ್ಚಿದವರು ಯಾರೆಂದು ಕೇಳಿದರೆ, "ಈಗ ಒಳ್ಳೇ ಮನುಷ್ಯ. ಯಾಕೆ ಬುಡಿ," ಎಂದು ಸೆರಗು ಎಳೆದುಕೊಳ್ಳುತ್ತಾರೆ.

ಮಾತ್ರೆ ನುಂಗಿಸಲು ಮನೆಮನೆಗೆ ಹೋಗುವ ಈ ಓಡಾಟ ಡಾಕ್ಟರು ಒಪ್ಪಿಸಿದ್ದಲ್ಲ, ಕದರಮ್ಮನೇ ಕೇಳಿ ಪಡೆದದ್ದು. ಮೊದಲು ಮಾತ್ರೆಗಳನ್ನು ಪೊಟ್ಟಣ ಕಟ್ಟಿ ಮನೆಯವರ ಕೈಗೆ ಕೊಟ್ಟು ಕಳಿಸುತ್ತಿದ್ದರು. ಹಾಗೆ ಹೋದ ಒಬ್ಬ ಹುಡುಗ ಎರಡು ತಿಂಗಳು ಮಾತ್ರೆಯನ್ನು ಕೆನ್ನೆಯಲ್ಲಿಟ್ಟುಕೊಂಡು ಹಿತ್ತಿಲಲ್ಲಿ ಉಗಿದಿದ್ದ. ಒಂದು ದಿನ ಹಳೆಯ ಅಳತೆಯಲ್ಲೇ ಅಫೀಮು ತಿಂದ. ಮೈ ಆ ಅಳತೆಯನ್ನು ಮರೆತಿತ್ತು. ಉಸಿರು ನಿಂತಿತು. "ಆ ತಾಯಿ ಖಾಲಿ ಪೊಟ್ಟಣ ಹಿಡ್ಕೊಂಡು ಬಂದ್ಳು. ಒಂದೂ ಬಿಡದಂಗೆ ಕೊಟ್ಟಿದೀನಲ್ಲವ್ವ ಅಂದ್ಳು. ಕೊಟ್ಟಿದ್ಳು ನಿಜ. ನುಂಗಿದ್ನಾ ಅಂತ ನೋಡಿರ್ಲಿಲ್ಲ. ಆವತ್ತೇ ಡಾಕ್ಟ್ರಿಗೆ ಹೇಳ್ದೆ, ಇನ್ನು ಯಾರ ಕೈಗೂ ಕೊಡಬ್ಯಾಡಿ, ನಾನೇ ಹೋಗ್ತೀನಿ ಅಂತ."

ಈಗ ಅವರ ಸುತ್ತಿನಲ್ಲಿ ಏಳು ಮನೆ. ತುಮಕೂರಿನಲ್ಲಿ ಎರಡು, ಗುಬ್ಬಿಯಲ್ಲಿ ಎರಡು, ಕುಣಿಗಲ್ಲಿನಲ್ಲಿ ಮೂರು. ಹೋದ ತಿಂಗಳವರೆಗೆ ಎಂಟಿತ್ತು. ವಾರಕ್ಕೆ ಮೂರು ದಿನ ಬೆಳಿಗ್ಗೆ ಐದಕ್ಕೆ ಹೊರಟರೆ ತಿರುಗಿ ಬರುವಾಗ ಮೂರು ಗಂಟೆ. ಮತ್ತೆ ಸಂಜೆಯವರೆಗೆ ವಾರ್ಡಿನ ಕೆಲಸ. ಗಂಡ ಗಂಗಹನುಮಯ್ಯ ಅಂತರಸನಹಳ್ಳಿಯ ಕಾರ್ಖಾನೆಯೊಂದರಲ್ಲಿ ಕಾವಲುಗಾರ. ಸೋಮವಾರ, ಬುಧವಾರ, ಶುಕ್ರವಾರದ ಅಡುಗೆ ಅವರದು. "ಉಪ್ಪು ಹಾಕೋದ್ ಮರೀತದೆ ನಮ್ಮನೇದು. ನಾನೂ ಮರೆತು ತಿಂತೀನಿ."

ಚೀಲದಲ್ಲಿ ಮೇಲ್ಗಡೆ ಸೀಗೆಪುಡಿಯ ಪೊಟ್ಟಣಗಳಿವೆ. ಮಾತ್ರೆಯ ಡಬ್ಬಿ ಅಡಿಯಲ್ಲಿ. ವಾರಕ್ಕೆ ಮೂರು ಸಲ ಆಸ್ಪತ್ರೆಯ ಆಯಾ ಒಂದು ಮನೆಗೆ ಬಂದರೆ ಬೀದಿ ಸುಮ್ಮನಿರುವುದಿಲ್ಲ. ಸೀಗೆಪುಡಿ ಮಾರುವವಳು ಬಂದರೆ ಯಾರೂ ತಲೆ ಎತ್ತಿ ನೋಡುವುದಿಲ್ಲ. ನಮ್ಮ ಬೀದಿಯವರು ಇವತ್ತಿಗೂ ಅವರನ್ನು ಸೀಗೆಪುಡಿಯಮ್ಮ ಎಂದೇ ಕರೆಯುತ್ತಾರೆ. ಇದನ್ನು ಬರೆಯಲೇ ಎಂದು ಕೇಳಿದೆ. "ಬರೀರಿ. ನೀವು ಬರೆದ್ಮೇಲೆ ಅರಿಶಿನ ಮಾರ್ತೀನಿ," ಎಂದು ನಕ್ಕರು.

ನುಂಗಿಸುವುದರಲ್ಲಿ ಅವರದೇ ಒಂದು ಕ್ರಮವಿದೆ. ಮಾತ್ರೆ, ನೀರು, ನಾಲಗೆ ಎತ್ತಿ ತೋರಿಸುವುದು, ಎರಡೂ ಕೆನ್ನೆ. ಇಷ್ಟನ್ನು ಯಾರಾದರೂ ಮಾಡಿಸಬಹುದು. ಆಮೇಲೆ ಹತ್ತು ನಿಮಿಷ ಮಾತಾಡಿಸುತ್ತಾರೆ. ಮಾತ್ರೆ ಕಡು ಕಹಿ. ಬಾಯಲ್ಲಿ ಅದನ್ನಿಟ್ಟುಕೊಂಡು ಹತ್ತು ನಿಮಿಷ ಮಾತಾಡಲು ಯಾರಿಂದಲೂ ಆಗುವುದಿಲ್ಲ. ಹೂಂ, ಊಹೂಂ ಎಂದು ಉತ್ತರಿಸಿ ಮುಗಿಸುವ ಪ್ರಶ್ನೆಗಳನ್ನು ಅವರು ಕೇಳುವುದೇ ಇಲ್ಲ. ರಸಾಯನಶಾಸ್ತ್ರದ ಅಧ್ಯಾಪಕರಾಗಿದ್ದ ನನ್ನ ಯಜಮಾನರಿಗೆ ಆ ಹತ್ತು ನಿಮಿಷ ಪಾಠದ ಹೊತ್ತಾಗಿತ್ತು. ಮೂತ್ರಪಿಂಡದ ಕಲ್ಲಿನ ನೋವಿಗೆಂದು ಹಾಕಿಸಿಕೊಂಡ ಪೆಥಿಡಿನ್ ಅವರನ್ನು ಎರಡು ವರ್ಷ ನಮ್ಮಿಂದ ಬೇರೆಯಾಗಿಟ್ಟಿತ್ತು. ಕೊನೆಯ ಹನ್ನೊಂದು ತಿಂಗಳು ಅವರು ಅವರಾಗಿಯೇ ಇದ್ದರು. ಮೆಟ್ಟಿಲ ಮೇಲೆ ಕದರಮ್ಮನನ್ನು ಕೂರಿಸಿಕೊಂಡು ಔಷಧದ ಬಾಟಲಿಯ ಇಂಗ್ಲಿಷ್ ಅಕ್ಷರಗಳನ್ನು ಕಲಿಸಿದರು. ಅವರ ಹೃದಯ ನಿಂತದ್ದಕ್ಕೂ ಆ ಇಂಜೆಕ್ಷನ್ನಿಗೂ ಸಂಬಂಧವಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಡಾಕ್ಟರು ಅದನ್ನು ಹೇಳಬೇಕಾಗಿಯೇ ಇರಲಿಲ್ಲ, ನನಗೆ ಗೊತ್ತಿತ್ತು.

ಗುಬ್ಬಿ ಬಸ್ಸಿನಲ್ಲಿ ಆ ಸೋಮವಾರ ಕದರಮ್ಮ ಕಿಟಕಿಯ ಹೊರಗೇ ನೋಡುತ್ತಿದ್ದರು. ಸ್ವಲ್ಪ ದೂರ ಹೋದ ಮೇಲೆ ವಿಷಯ ಹೊರಬಿತ್ತು. ಗುಬ್ಬಿಯ ಅಂಜಿನಪ್ಪ ಬೊಂಬಾಯಿಗೆ ಕೊಬ್ಬರಿ ಸಾಗಿಸುವ ಲಾರಿಯ ಡ್ರೈವರ್. ದಾರಿಯಲ್ಲಿ ನಿದ್ದೆಗೆಡಲೆಂದು ಒಬ್ಬರು, ಮೈನೋವಿಗೆಂದು ಇನ್ನೊಬ್ಬರು ಕೊಟ್ಟ ಅಫೀಮು ಆರು ವರ್ಷ ಅವರನ್ನು ಬಿಟ್ಟಿರಲಿಲ್ಲ. ಈಗ ಒಂದು ವರ್ಷದ ಮಾತ್ರೆ ಮುಗಿಯುತ್ತ ಬಂದಿದೆ. ಲಾರಿಯ ಮಾಲೀಕ ದೊಡ್ಡರಂಗಯ್ಯ ಒಳ್ಳೆಯ ಮನುಷ್ಯ. ಅಫೀಮು ಬಿಟ್ಟಿದ್ದೀಯೆಂದು ಯುಗಾದಿಯೊಳಗೆ ನರ್ಸಿಂಗ್ ಹೋಮಿನಿಂದ ಕಾಗದ ತಂದರೆ ಗಾಡಿ ನಿನ್ನದೇ, ಇಲ್ಲದಿದ್ದರೆ ಬೇರೆಯವರನ್ನು ಇಟ್ಟುಕೊಳ್ಳುತ್ತೇನೆ ಎಂದಿದ್ದರು. ಕಾಗದಕ್ಕೆ ಮೊದಲು ಮೂತ್ರ ಪರೀಕ್ಷೆ. ಬಾಟಲಿ ಬೆಂಗಳೂರಿಗೆ ಹೋಗಿ ಶನಿವಾರ ಉತ್ತರ ಬಂದಿತ್ತು. ಅಫೀಮಿನ ಅಂಶ ಇದೆ.

"ಹಂಗಾದ್ರೆ ಅವ್ನು ಮಾತ್ರೆ ನುಂಗಿಲ್ಲ ಅಂತಾಯ್ತು. ನುಂಗಿದ್ರೆ ಅಫೀಮು ಯಾಕ್ ತಿಂತಾನೆ, ಅಮಲೇ ಹತ್ತದಿದ್ ಮೇಲೆ? ಡಾಕ್ಟ್ರು ನನ್ನ ಬೈಯ್ಲಿಲ್ಲ. ನೀನು ಓಡಾಡಿದ್ದೂ ದಂಡ ಆಯ್ತಲ್ಲ ಕದರಮ್ಮ, ಮುಂದಿನ ತಿಂಗ್ಳಿಂದ ನಿಲ್ಲಿಸ್ಬಿಡೋಣ ಅಂದ್ರು. ಬೈದಿದ್ರೇ ವಾಸಿಯಾಗಿತ್ತು."

ಅಂಜಿನಪ್ಪ ಅಂಗಳದಲ್ಲಿ ನಿಂತು ಕಾಯುತ್ತಿದ್ದಾರೆ. ಮೂವತ್ತೈದರ ಗಟ್ಟಿ ಆಳು. ಕದರಮ್ಮ ಮೊದಲು ತಮ್ಮ ಕೆಲಸ ಮುಗಿಸುತ್ತಾರೆ. ಮಾತ್ರೆ, ನೀರು, ನಾಲಗೆ, ಕೆನ್ನೆ. ಆಮೇಲೆ ಮಾತು.

"ಹೋದ್ಸಲ ಎಲ್ಲೀಗಂಟ ಬಂದಿದ್ವಪ್ಪಾ?"

"ದಾವಣಗೆರೆ ತಂಕ ಕಣಕ್ಕ. ದಾವಣಗೆರೆ ಬುಟ್ರೆ ಹರಿಹರ, ಆಮೇಲೆ ರಾಣೆಬೆನ್ನೂರು. ಅಲ್ಲಿ ಒಂದು ಹೋಟ್ಲು ಇದೆ, ಆ ಯಮ್ಮ ರೊಟ್ಟಿ ಹಾಕಿದ್ರೆ..." ಹೀಗೆ ಒಂದು ವರ್ಷದಿಂದ ಅಂಜಿನಪ್ಪ ಅಂಗಳದಲ್ಲೇ ನಿಂತು ಬೊಂಬಾಯಿಗೆ ಲಾರಿ ಹೊಡೆಯುತ್ತಿದ್ದಾರೆ. ಇದು ಒಂಬತ್ತನೆಯ ಟ್ರಿಪ್ಪಂತೆ. ಹತ್ತು ನಿಮಿಷ ಕೇಳಿ, ಕದರಮ್ಮ ಪರೀಕ್ಷೆಯ ಸುದ್ದಿ ಹೇಳುತ್ತಾರೆ. ಅಂಜಿನಪ್ಪನ ಮುಖ ಸುಣ್ಣದ ಹಾಗಾಗುತ್ತದೆ. ಹೆಂಡತಿ ಸಿದ್ದಲಕ್ಷ್ಮಮ್ಮ ಬಾಗಿಲ ಚೌಕಟ್ಟು ಹಿಡಿದು ನಿಲ್ಲುತ್ತಾರೆ.

"ನನ್ ಮಕ್ಳ ಆಣೆ ಕಣಕ್ಕ..."

"ಆಣೆ ಬ್ಯಾಡ. ಆಣೆ ಇಕ್ಕಿ ಸುಳ್ಳು ಹೇಳಿದೋರ್ನ ಬೇಕಾದಷ್ಟು ನೋಡಿದೀನಿ. ಬಾಟ್ಲಿ ಕೊಟ್ಟಿದ್ದು ಬುಧವಾರ. ಹಿಂದಿನ ದಿನ ಬಾಯಿಗೆ ಏನೇನ್ ಹಾಕ್ಕೊಂಡೆ? ಒಂದೊಂದೇ ಹೇಳು."

"ಬೆಳಿಗ್ಗೆ ಮುದ್ದೆ, ಹುರುಳಿಕಾಳು ಸಾರು. ಮಧ್ಯಾನ ಅದೇ. ಸಂಜೆಗೆ ಅವ್ವ ಪಾಯಸ ಮಾಡಿತ್ತು."

ಒಳಗಿನಿಂದ ತಾಯಿ ಹೊಂಬಾಳಮ್ಮನ ದನಿ ಬರುತ್ತದೆ. "ಏನ್ಲಾ ಅದು, ನನ್ ಪಾಯಸದ ಸುದ್ದಿ?"

"ಎಷ್ಟು ಕುಡಿದ್ರೀ ಎಲ್ರೂ?"

"ಇವ್ನು ನಾಕು ಲೋಟ ಕುಡ್ದ. ಅದ್ಕೇನೀಗ? ಹೆತ್ತೋಳು ಕಾಸಿ ಕೊಟ್ಟಿದ್ದು. ವರ್ಷ ತುಂಬ್ತು, ನನ್ ಮಗ ಗೆದ್ದ ಅಂತ ಮಾಡಿದೆ. ಮಾತ್ರೆ ಕೊಡೋಕ್ ಬಂದೋಳು ಪಾಯಸಕ್ಕೂ ಪಂಚಾಯ್ತಿ ಮಾಡ್ತೀಯಲ್ಲ ತಾಯಿ!"

"ಏನ್ ಪಾಯಸ ಹೊಂಬಾಳಮ್ಮ?"

"ಗಸಗಸೇದು. ಪಾವು ಗಸಗಸೆ ನೆನೆಹಾಕಿ, ಕಾಯಿ ಜೊತೆ ನುಣ್ಣಗೆ ರುಬ್ಬಿ, ಬೆಲ್ಲ ಹಾಕಿ ಮಾಡಿದೆ. ನಿನ್ಗೂ ಎತ್ತಿಟ್ಟಿದ್ದೆ, ಇವ್ನೇ ಕುಡಿದ್ಬುಟ್ಟ."

ಕದರಮ್ಮ ಚೀಲವನ್ನು ಹೆಗಲಿಗೇರಿಸಿಕೊಳ್ಳುತ್ತಾರೆ. ಹೊಂಬಾಳಮ್ಮನಿಗಾಗಲಿ ಮಗನಿಗಾಗಲಿ ಪಾಯಸ ಹೇಳಬೇಕಾದ ಸಂಗತಿ ಎಂದು ಅನಿಸಿಲ್ಲ. ನಮ್ಮ ಕಡೆಯ ಯಾವ ಮನೆಯಲ್ಲಿ ಅನಿಸೀತು? ಕುಣಿಗಲ್ಲಿಗೆ ಹೋಗುವ ಬಸ್ಸಿನಲ್ಲಿ ಅವರು ತಮಗೆ ತಾವೇ ಹೇಳಿಕೊಳ್ಳುವಂತೆ ಮಾತಾಡುತ್ತಾರೆ. "ನಮ್ಮಜ್ಜಿ ಕೂಸುಗಳು ಮಲಗದಿದ್ರೆ ಗಸಗಸೆ ಹಾಲು ಕುಡಿಸೋಳು. ಗಸಗಸೆ ಪಾಯಸ ಕುಡಿದ್ರೆ ಎಲ್ರಿಗೂ ನಿದ್ದೆ ಬರ್ತದೆ. ಯಾಕ್ ಬರ್ತದೆ ಅಂತ ಇಷ್ಟು ವರ್ಷ ಕೇಳ್ಕೊಂಡೇ ಇಲ್ವಲ್ಲ ನಾನು."

ಕುಣಿಗಲ್ಲಿನಲ್ಲಿ ಹನುಮಕ್ಕ ಎಂಬ ಎಪ್ಪತ್ತರ ಮುದುಕಿ ಇದ್ದಾರೆ. ಕೀಲುನೋವಿಗೆಂದು ಮೂವತ್ತು ವರ್ಷ ಅಫೀಮಿನ ಗುಳಿಗೆ ನುಂಗಿದವರು. ಕಾನೂನು ಬಿಗಿಯಾಗಿ ಗುಳಿಗೆ ಸಿಗದಂತಾದಾಗ ಮಗ ಹೊತ್ತುಕೊಂಡು ಬಂದಿದ್ದ. ಕದರಮ್ಮನನ್ನು ಕಂಡ ಕೂಡಲೇ ಹನುಮಕ್ಕ ಬಾಯಿ ತುಂಬ ಎಲೆಅಡಿಕೆ ತುಂಬಿಕೊಳ್ಳುತ್ತಾರೆ. "ಉಗುದ್ಬುಟ್ಟು ಬಾರಜ್ಜಿ. ನಿನ್ನ ಎಲೆಅಡಿಕೇಲಿ ನನ್ನ ಎಷ್ಟು ಮಾತ್ರೆ ಹೋಗವೆ ಅಂತ ನಂಗೊತ್ತಿಲ್ವಾ?" ಎಂದು ಕದರಮ್ಮ ಸೊಂಟಕ್ಕೆ ಕೈಕೊಟ್ಟು ನಿಲ್ಲುತ್ತಾರೆ. "ನನ್ ಅತ್ತೇನೂ ಹಿಂಗ್ ಕಾಡ್ಲಿಲ್ಲ ಕಣೇ," ಎನ್ನುತ್ತ ಹನುಮಕ್ಕ ಉಗಿದು ಬರುತ್ತಾರೆ. ಕದರಮ್ಮ ಹೊರಡುವಾಗ ಸೆರಗು ಹಿಡಿದು, "ಬುಧವಾರ ಬತ್ತೀಯ ತಾನೇ?" ಎಂದು ಕೇಳುವವರೂ ಅವರೇ.

ಮೂರು ಗಂಟೆಗೆ ನರ್ಸಿಂಗ್ ಹೋಮು. ಕದರಮ್ಮ ನೇರವಾಗಿ ಡಾಕ್ಟರ ಕೋಣೆಗೆ ಹೋಗುತ್ತಾರೆ. "ಡಾಕ್ಟ್ರೇ, ಅಫೀಮು ಯಾವ ಗಿಡದ್ದು?"

"ಗಸಗಸೆ ಗಿಡದ್ದು. ಹಸಿ ಕಾಯಿ ಗೀರಿದ್ರೆ ಬರೋ ಹಾಲು. ಯಾಕೆ?"

ಕದರಮ್ಮ ನಾಲ್ಕು ಲೋಟ ಪಾಯಸದ ಕಥೆ ಹೇಳುತ್ತಾರೆ. ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಡುತ್ತಾರೆ. ಬೀಜದಲ್ಲಿ ಅದರ ಅಂಶ ಇದ್ದರೂ ತೀರಾ ಕಡಿಮೆ, ಪರೀಕ್ಷೆಯಲ್ಲಿ ಕಾಣುವಷ್ಟು ಇರಲಾರದು ಎನ್ನುತ್ತಾರೆ. ಆ ಮನೆಯವರು ಮಗನನ್ನು ಉಳಿಸಿಕೊಳ್ಳಲು ಏನು ಬೇಕಾದರೂ ಹೇಳಬಹುದು ಎಂದೂ ಸೇರಿಸುತ್ತಾರೆ.

"ಅವ್ರ ಮಾತು ಬ್ಯಾಡ. ನನ್ನ ಮಾತೂ ಬ್ಯಾಡ. ನನ್ನ ಬಾಟ್ಲಿ ಕಳಿಸಿ," ಎಂದರು ಕದರಮ್ಮ.

ಮರುದಿನ ವಾರ್ಡಿನ ಸ್ಟೌವ್ ಮೇಲೆ ಹೊಂಬಾಳಮ್ಮ ಹೇಳಿದ ಅಳತೆಯಲ್ಲೇ ಪಾಯಸವಾಯಿತು. ನಾಲ್ಕು ಲೋಟ ಕುಡಿಯುವುದು ಸುಲಭವಲ್ಲ. ಮೂರನೆಯದಕ್ಕೇ ಅವರು ಗೋಡೆಗೆ ಒರಗಿದರು. ನರ್ಸುಗಳು ನಗುತ್ತ ಬಾಗಿಲಲ್ಲಿ ನಿಂತಿದ್ದರು. ಡಾಕ್ಟರು ಬಂದು ಪಾತ್ರೆಯಲ್ಲಿ ಉಳಿದದ್ದನ್ನು ತಾವೇ ಬಗ್ಗಿಸಿಕೊಂಡು ಕುಡಿದರು. "ನನ್ನದೂ ಹೋಗಲಿ," ಎಂದರು. ಅಂಜಿನಪ್ಪನ ಮನೆಯಲ್ಲಿ ಗಸಗಸೆಯ ಡಬ್ಬಿಯನ್ನೇ ಸಿದ್ದಲಕ್ಷ್ಮಮ್ಮ ಪಕ್ಕದ ಮನೆಯಲ್ಲಿಟ್ಟು ಬಂದರು. ಒಂದು ವಾರ ಬಿಟ್ಟು ಅಂಜಿನಪ್ಪನದೂ ಹೊಸ ಬಾಟಲಿ ತುಂಬಿತು. ಮೂರೂ ಬಾಟಲಿ ಬೆಂಗಳೂರಿನ ಬಸ್ಸು ಹತ್ತಿದವು. ಯುಗಾದಿಗೆ ಹದಿನೈದು ದಿನ ಉಳಿದಿತ್ತು.

ಆ ದಿನಗಳಲ್ಲಿ ನಾನು ಇನ್ನೂ ಮೂರು ಸಲ ಅವರ ಜೊತೆ ಸುತ್ತಿಗೆ ಹೋದೆ. ಕದರಮ್ಮ ಪರೀಕ್ಷೆಯ ಮಾತೆತ್ತಲಿಲ್ಲ. ಆದರೆ ಪ್ರತಿ ಮನೆಯಲ್ಲೂ ಹತ್ತು ನಿಮಿಷ ಹದಿನೈದಾಗುತ್ತಿತ್ತು. ಕೆನ್ನೆಗಳನ್ನು ಎರಡೆರಡು ಸಲ ನೋಡುತ್ತಿದ್ದರು. ಅಂಜಿನಪ್ಪನ ಲಾರಿ ಪುಣೆ ದಾಟಿತು. ಒಂದು ದಿನ ಬಸ್ಸಿನಲ್ಲಿ ಇದ್ದಕ್ಕಿದ್ದಂತೆ, "ನಾನೇ ಏಮಾರಿದ್ರೆ?" ಎಂದರು. ಆಮೇಲೆ ನಿಲ್ದಾಣ ಬರುವವರೆಗೂ ಚೀಲವನ್ನು ಎದೆಗವಚಿಕೊಂಡು ಕೂತಿದ್ದರು.

ಉತ್ತರ ಬಂದದ್ದು ಗುರುವಾರ. ಡಾಕ್ಟರು ಕಾಗದ ಓದಿ, ಕಾರಿಡಾರಿನಲ್ಲಿ ಎಲ್ಲರಿಗೂ ಕೇಳುವಂತೆ ಕೂಗಿದರು. "ಕದರಮ್ಮ, ಅಂಜಿನಪ್ಪನಲ್ಲಿ ಏನೂ ಇಲ್ಲ. ಅಫೀಮು ಇರೋದು ನಿನ್ನಲ್ಲಿ, ನನ್ನಲ್ಲಿ! ಇಬ್ರೂ ಹೋಗಿ ಹಿಂದಿನ ಕೋಣೇಲಿ ಮಲಗೋಣ ಬಾ!" ಕದರಮ್ಮ ನಗಲಿಲ್ಲ. ಕೈಯಲ್ಲಿದ್ದ ಬಕೆಟ್ಟನ್ನು ನೆಲಕ್ಕಿಟ್ಟು ಅಲ್ಲೇ ಬೆಂಚಿನ ಮೇಲೆ ಕೂತರು. "ನುಂಗಿದ್ದ ಕಣಮ್ಮ. ನಾನು ನೋಡಿದ್ದು ನೋಡಿದಂಗೇ ಇತ್ತು," ಎಂದು ನನ್ನ ಕೈ ಹಿಡಿದುಕೊಂಡರು.

ಅಂಜಿನಪ್ಪನಿಗೆ ಕಾಗದ ಸಿಕ್ಕಿತು. ಯುಗಾದಿಗೆ ನಾಲ್ಕು ದಿನ ಮೊದಲು ಲಾರಿಯ ಬೀಗದ ಕೈಯೂ ಸಿಕ್ಕಿತು. ತನ್ನ ಹೆಸರು ಹಾಕಿಯೇ ಬರೆಯಬೇಕು ಎಂದವರು ಅವರೇ. "ಬೊಂಬಾಯಿ ದಾರೀಲಿ ನನ್ನಂಥೋರು ಇನ್ನೂ ಅವ್ರೆ ಮೇಡಂ. ಓದ್ಲಿ." ದೊಡ್ಡರಂಗಯ್ಯ ಹೊಂಬಾಳಮ್ಮನಿಗೆ, ಇನ್ನು ಮೇಲೆ ಹೆಸರುಬೇಳೆ ಪಾಯಸ ಮಾಡು ಎಂದು ಹೇಳಿ ಕಳಿಸಿದ್ದಾರಂತೆ. ನರ್ಸಿಂಗ್ ಹೋಮಿನಲ್ಲಿ ಈಗ ಪ್ರತಿ ಮನೆಗೂ ಕೊಡುವ ಚೀಟಿಯ ಮೊದಲ ಸಾಲೇ ಗಸಗಸೆಯದು. ಕದರಮ್ಮನ ಓಡಾಟ ನಿಲ್ಲಿಸುವ ಮಾತನ್ನು ಡಾಕ್ಟರು ಮತ್ತೆ ಎತ್ತಿಲ್ಲ.

ಉತ್ತರ ಬಂದ ಗುರುವಾರ ಸಂಜೆಯೇ ಯಡಿಯೂರಿನಿಂದ ಒಬ್ಬರು ಚಿಕಿತ್ಸೆಗೆ ಬರುವವರಿದ್ದರು. ಕದರಮ್ಮ ಹಿಂದಿನ ಕೋಣೆಯ ಮಂಚ ಒರೆಸುತ್ತಿದ್ದರು. ಆಸ್ಪತ್ರೆಯ ಹೊದಿಕೆ ನಡುಕದ ದಿನಗಳಿಗೆ ಸಾಲುವುದಿಲ್ಲ, ಅದಕ್ಕೇ ತಾವು ಮನೆಯಿಂದ ಎರಡು ಕರಿ ಕಂಬಳಿ ತಂದಿಟ್ಟಿದ್ದಾಗಿ ಹೇಳಿದರು. ಒಂದು ಪಕ್ಕದ ಕೋಣೆಯಲ್ಲಿತ್ತು. ಇನ್ನೊಂದು ಎಲ್ಲಿ ಎಂದು ಕೇಳಿದೆ. ಅವರು ಮಂಚದ ಕಾಲನ್ನು ಎರಡನೆಯ ಸಲ ಒರೆಸಲು ಬಗ್ಗಿದರು. "ಇರ್ಲಿ ಬುಡಿ ಅಮ್ಮಾವ್ರೇ. ಯಾರ್ದಾದ್ರೂ ಈಸ್ಕೊಂಡ್ ಬತ್ತೀನಿ."

ನನಗೆ ಆಗ ಹೊಳೆಯಿತು. ಐದನೆಯ ದಿನ ಮನೆಗೆ ಬರುವಾಗ ನನ್ನ ಯಜಮಾನರು ಅದನ್ನು ಹೊದ್ದೇ ಆಟೋ ಹತ್ತಿದ್ದರು. ಎರಡು ದಿನ ಇರಲಿ ಕದರಮ್ಮ, ಚಳಿ ಬಿಟ್ಟ ಮೇಲೆ ಕೊಡುತ್ತೇನೆ ಎಂದಿದ್ದರು. ಆಮೇಲೆ ಹನ್ನೊಂದು ತಿಂಗಳು ವಾರಕ್ಕೆ ಮೂರು ಸಲ ಬಂದ ಈ ಹೆಂಗಸು ಒಮ್ಮೆಯೂ ಅದನ್ನು ಕೇಳಿಲ್ಲ.

ಮನೆಗೆ ಹೋಗಿ ಬೀರುವಿನಿಂದ ಕಂಬಳಿ ತೆಗೆದೆ. ಒಂದಿಷ್ಟು ಹೊತ್ತು ಬಿಸಿಲಿಗೆ ಹರವಿ, ಕೊಡವಿ, ಮಡಿಸಿ ತಂದುಕೊಟ್ಟೆ. ತಡವಾಯಿತು, ಕ್ಷಮಿಸಿ ಎಂದೆ. ಕದರಮ್ಮ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಯಡಿಯೂರಿನವರು ಆಗಲೇ ಮಂಚದ ಮೇಲೆ ಮುದುಡಿ ಕೂತಿದ್ದರು. ಆಕಳಿಕೆ ಶುರುವಾಗಿತ್ತು. ಕದರಮ್ಮ ಅವರ ಕಾಲಿನ ಮೇಲೆ ಕಂಬಳಿ ಹೊದಿಸಿ, ಅಂಚನ್ನು ಹಾಸಿಗೆಯ ಅಡಿಗೆ ಸಿಕ್ಕಿಸಿದರು.

ಆ ಮನುಷ್ಯ ಕಂಬಳಿಯನ್ನು ಅನುಮಾನದಿಂದ ಮುಟ್ಟಿ ನೋಡಿದರು. "ಯಾರ್ ಹೊದ್ದಿದ್ದಮ್ಮ ಇದು? ಅವ್ರು ಏನಾದ್ರು?"

"ಮೇಷ್ಟ್ರು ಹೊದ್ದಿದ್ದು. ನಿಮ್ಗಿಂತ ಜಾಸ್ತಿ ನಡುಗಿದ್ರು. ಐದನೇ ದಿನ ಎದ್ರು, ಮುಂದಿನ ಸೋಮವಾರ ಕಾಲೇಜಿಗೆ ಹೋಗಿ ಪಾಠ ಮಾಡಿದ್ರು. ಕಾಲು ಚಾಚ್ಕೊಳ್ಳಿ," ಎಂದರು ಕದರಮ್ಮ.